ಇಂಗ್ಲೆಂಡಿನ ಹಳ್ಳಿ ಕೊಲೆ ಕತೆಗಳು: ಯಾವುದರಿಂದ ಶುರು ಮಾಡೋದು, ಯಾವುದನ್ನ ಆಮೇಲೆ ಇಟ್ಕೊಳ್ಳೋದು

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನ ಹತ್ರ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಅಕ್ಕನ ಮಗಳು ಸೆಕೆಂಡ್ ಪಿಯುಸಿ ಮುಗಿಸಿ ಮನೇಲಿದ್ದಾಳೆ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, "ಚಿಕ್ಕಿ, ಇಂಗ್ಲಿಷಲ್ಲಿ ಒಂದು ಇಡೀ ಕಾದಂಬರಿ ಓದಿ ಮುಗಿಸ್ಬೇಕು ಅಂತ ಆಸೆ, ಕೊಲೆ ಕತೆ ಆದ್ರೆ ಮುಗಿಸ್ತೀನಿ ಅನ್ಸುತ್ತೆ, ಯಾವುದು ತಗೊಳ್ಲಿ" ಅಂದ್ಲು. ಬ್ಯಾಂಕಿಂದ ರಿಟೈರ್ ಆಗಿರೋ ದೊಡ್ಡಪ್ಪ, ಚಿಕ್ಕ ವಯಸ್ಸಲ್ಲಿ ಪತ್ತೇದಾರಿ ಕಾದಂಬರಿ ಬಾಡಿಗೆಗೆ ತಂದು ದಿನಕ್ಕೊಂದು ಓದ್ತಿದ್ದವರು, ಈಗ ಟೈಮ್ ಇದೆ ಆದ್ರೆ ದಪ್ಪ ಪುಸ್ತಕ ಹಿಡ್ಕೊಂಡ್ರೆ ಕೈ ನೋವು ಅಂತಾರೆ. ಇನ್ನು ಆಫೀಸಿನ ಗೆಳತಿಗೆ ಪುಸ್ತಕ ಬೇಡ, ರಾತ್ರಿ ಊಟ ಆದ್ಮೇಲೆ ಗಂಡನ ಜೊತೆ ಕೂತು ನೋಡೋಕೆ ಏನಾದ್ರೂ ಬೇಕು, ಆದ್ರೆ ಎಂಟು ವರ್ಷದ ಮಗು ಅಲ್ಲೇ ಸೋಫಾದಲ್ಲಿ ಹೋಂವರ್ಕ್ ಮಾಡ್ತಿರುತ್ತೆ ಹಾಗಾಗಿ ರಕ್ತ ಗಿಕ್ತ ಜಾಸ್ತಿ ಇರಬಾರದು.

ಮೂವರ ಕಣ್ಣ ಮುಂದೆ ಇದ್ದಿದ್ದು ಒಂದೇ ಚಿತ್ರ. ಹಸಿರು ಬಯಲು, ಕಲ್ಲಿನ ಚರ್ಚು, ಒಂದು ಪಬ್ಬು, ಒಂದು ಪೋಸ್ಟಾಫೀಸು, ಗುಲಾಬಿ ಗಿಡ ಕತ್ತರಿಸ್ತಾ ಬೇಲಿ ಆಚೆ ಕಣ್ಣಿಟ್ಟಿರೋ ಅಜ್ಜಿ, ಒಂದು ಬೆಳಿಗ್ಗೆ ಯಾರದೋ ಮನೇಲಿ ಹೆಣ. ಈ ಥರದ ಕತೆಗಳು ನೂರು ವರ್ಷದಿಂದ ಬರ್ತಾನೇ ಇವೆ, ಅಂಗಡಿಗೆ ಹೋದ್ರೆ ಒಂದು ಇಡೀ ಗೋಡೆ ತುಂಬ ಇರುತ್ತೆ, ಎಲ್ಲದರ ಮೇಲೂ ಅದೇ ಹೆಂಚಿನ ಮನೆ ಅದೇ ಬೆಕ್ಕು. ಹಾಗಾಗಿ ಗೊಂದಲ ಆಗೋದು ಸಹಜ. ನಾನು ಇಪ್ಪತ್ತು ವರ್ಷದಿಂದ ಇವನ್ನೇ ಓದ್ತಾ ಬಂದಿದೀನಿ, ಕೆಲವನ್ನ ಮೂರು ಮೂರು ಸಲ, ಆ ಲೆಕ್ಕದಲ್ಲಿ ಹೇಳ್ತೀನಿ.

ಪುಸ್ತಕದ ಹೆಸರಿಗಿಂತ ಮುಂಚೆ ಯಾವ ಅಳತೆ ಇಟ್ಕೊಂಡು ಆರಿಸ್ಬೇಕು ಅನ್ನೋದು ಹೇಳ್ಬಿಡ್ತೀನಿ, ಯಾಕಂದ್ರೆ ನನ್ನ ಪಟ್ಟಿ ನಿಮಗೆ ಹಿಡಿಸದೇ ಹೋದ್ರೂ ಅಳತೆ ಕೆಲಸಕ್ಕೆ ಬರುತ್ತೆ.

ಮೊದಲನೇದು ಊರು. ಆ ಕತೇನ ಹಳ್ಳಿಯಿಂದ ಕಿತ್ತು ಲಂಡನ್ನಿನ ಒಂದು ಫ್ಲ್ಯಾಟಿಗೆ ತಂದಿಟ್ರೆ ಅದು ನಿಲ್ಲುತ್ತಾ? ನಿಲ್ಲುತ್ತೆ ಅಂದ್ರೆ ಅಲ್ಲಿ ಹಳ್ಳಿ ಬರೀ ನಾಟಕದ ಪರದೆ. ನಿಜವಾದ ಹಳ್ಳಿ ಕತೇಲಿ ಕೊಲೆ ನಡೆಯೋದೇ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರೋದ್ರಿಂದ, ಪತ್ತೆ ಆಗೋದೂ ಅದೇ ಕಾರಣಕ್ಕೆ. ಡಬ್ಲ್ಯೂ. ಎಚ್. ಆಡೆನ್ ಅನ್ನೋ ದೊಡ್ಡ ಕವಿ 1948ರಲ್ಲಿ ಪತ್ತೇದಾರಿ ಕತೆಗಳ ಬಗ್ಗೆ ಒಂದು ಪ್ರಬಂಧ ಬರೆದ್ರು, ಇಂಗ್ಲೆಂಡಿನ ಹಳ್ಳಿಗಾಡಲ್ಲಿ ನಡೀದೇ ಇರೋ ಪತ್ತೇದಾರಿ ಕತೆ ಓದೋದೇ ನನಗೆ ಕಷ್ಟ ಅಂತ ಅದರಲ್ಲಿ ಒಪ್ಕೊಂಡಿದಾರೆ. ಜಾಗ ಎಷ್ಟು ಸ್ವರ್ಗದ ಥರ ಇರುತ್ತೋ ಅಲ್ಲಿ ಬಿದ್ದ ಹೆಣ ಅಷ್ಟು ಎದೆಗೆ ತಾಕುತ್ತೆ ಅನ್ನೋದು ಅವರ ವಾದ.

ಎರಡನೇದು ಸುಳಿವು. ಬರೆದವರು ಎಲ್ಲಾ ಸುಳಿವನ್ನೂ ನಮ್ಮ ಮುಂದೆ ಇಟ್ಟು ಆಟ ಆಡ್ತಾರಾ ಇಲ್ಲ ಕೊನೆ ಅಧ್ಯಾಯದಲ್ಲಿ ಜೇಬಿಂದ ಹೊಸದೇನೋ ತೆಗೀತಾರಾ. ಮೂರನೇದು ಇಂಗ್ಲಿಷ್ ಎಷ್ಟು ಕಷ್ಟ, ಇದನ್ನ ಅಲ್ಲಿನ ವಿಮರ್ಶಕರು ಯಾರೂ ಬರೆಯಲ್ಲ ಆದ್ರೆ ಕನ್ನಡದಲ್ಲಿ ಓದಿ ಬೆಳೆದವರಿಗೆ ಇದು ಮುಖ್ಯ. ನಾಲ್ಕನೇದು ಕತ್ತಲೆ ಎಷ್ಟು, ಅಂದ್ರೆ ಓದಿ ಮುಗಿಸಿ ನೆಮ್ಮದಿಯಾಗಿ ಮಲಗ್ತೀರೋ ಇಲ್ವೋ. ಕೊನೇದು ದುಡ್ಡು ಮತ್ತೆ ಟೈಮು.

ಈಗ ಒಂದೊಂದಾಗಿ ನೋಡೋಣ. ಅಗಾಥಾ ಕ್ರಿಸ್ಟಿ ಬಗ್ಗೆ ಜಾಸ್ತಿ ಹೇಳ್ತೀನಿ, ಅದು ತಪ್ಪಿಸೋಕಾಗಲ್ಲ.

ಕ್ರಿಸ್ಟಿಯ ಪತ್ತೇದಾರಳು ಮಿಸ್ ಮಾರ್ಪಲ್ ಅನ್ನೋ ಮದುವೆಯಾಗದ ಮುದುಕಿ, ಆಕೆಯ ಊರು ಸೇಂಟ್ ಮೇರಿ ಮೀಡ್ ಅನ್ನೋ ಕಾಲ್ಪನಿಕ ಹಳ್ಳಿ. ಒಟ್ಟು 12 ಕಾದಂಬರಿ, 20 ಸಣ್ಣ ಕತೆ. ಆಕೆಯ ಪತ್ತೇದಾರಿ ವಿಧಾನ ಏನಪ್ಪಾ ಅಂದ್ರೆ ಹೋಲಿಕೆ. ಯಾವುದೋ ದೊಡ್ಡ ಮನೆಯ ಕೊಲೆಗಾರನ್ನ ನೋಡಿದಾಗ ಆಕೆಗೆ ತನ್ನೂರಲ್ಲಿ ಮೀನು ಮಾರೋ ಅಂಗಡಿಯ ಹುಡುಗನೋ ಹಳೇ ಕೆಲಸದವಳೋ ನೆನಪಾಗ್ತಾರೆ, ಮನುಷ್ಯರ ಸ್ವಭಾವ ಎಲ್ಲಾ ಕಡೆ ಒಂದೇ, ಹಳ್ಳೀಲಿ ಅದು ಹತ್ತಿರದಿಂದ ಕಾಣುತ್ತೆ ಅಷ್ಟೆ ಅನ್ನೋದು ಆಕೆಯ ನಂಬಿಕೆ. ಹಾಗಾಗಿ ನನ್ನ ಮೊದಲನೇ ಅಳತೇಲಿ ಈ ಪುಸ್ತಕಗಳು ಸಲೀಸಾಗಿ ಗೆಲ್ತವೆ, ಊರನ್ನ ತೆಗೆದ್ರೆ ಪತ್ತೇದಾರಳೇ ಇರಲ್ಲ.

ಆದ್ರೆ 12ರಲ್ಲಿ ಯಾವುದು? ಎಲ್ರೂ "ಮೊದಲನೇದರಿಂದ ಶುರು ಮಾಡು" ಅಂತಾರೆ, ಅಂದ್ರೆ 1930ರ 'ದಿ ಮರ್ಡರ್ ಅಟ್ ದಿ ವಿಕರೇಜ್'. ವಿಕರ್ ಅಂದ್ರೆ ಊರಿನ ಚರ್ಚಿನ ಪಾದ್ರಿ, ವಿಕರೇಜ್ ಅವರಿಗೆ ಕೊಟ್ಟಿರೋ ಮನೆ. ಕತೆ ಹೇಳೋದೂ ಪಾದ್ರಿಯೇ, ಊರಲ್ಲಿ ಯಾರಿಗೂ ಬೇಡದ ಒಬ್ಬ ಕರ್ನಲ್ ಪಾದ್ರಿಯ ಓದೋ ಕೋಣೆಯಲ್ಲೇ ಸತ್ತು ಬಿದ್ದಿರ್ತಾನೆ, ಅವನನ್ನ ಕೊಂದವರು ಲೋಕಕ್ಕೆ ಉಪಕಾರ ಮಾಡಿದ ಹಾಗೆ ಅಂತ ಪಾದ್ರಿಯೇ ಶುರುವಲ್ಲಿ ಊಟದ ಮೇಜಲ್ಲಿ ಬಾಯಿತಪ್ಪಿ ಹೇಳಿರ್ತಾರೆ. ಚೆನ್ನಾಗಿದೆ, ಆದ್ರೆ ಯಾರು ಎಷ್ಟು ಗಂಟೆಗೆ ಎಲ್ಲಿದ್ರು ಅನ್ನೋ ಲೆಕ್ಕ ವಿಪರೀತ, ಮೊದಲ ಸಲ ಓದೋವ್ರಿಗೆ ಮಧ್ಯದಲ್ಲಿ ಸುಸ್ತಾಗುತ್ತೆ, ಜೊತೆಗೆ ಇಲ್ಲಿ ಮಾರ್ಪಲ್ ಇನ್ನೂ ಸ್ವಲ್ಪ ಒರಟು, ಆಮೇಲೆ ಬರೋ ಮೃದು ಅಜ್ಜಿ ಅಲ್ಲ. ನಾನು ಇದನ್ನ ಮೊದಲು ಕೊಡಲ್ಲ.

ನಾನು ಕೊಡೋದು 1950ರ 'ಎ ಮರ್ಡರ್ ಈಸ್ ಅನೌನ್ಸ್ಡ್'. ಚಿಪ್ಪಿಂಗ್ ಕ್ಲೆಗ್‌ಹಾರ್ನ್ ಅನ್ನೋ ಹಳ್ಳಿ, ಅಲ್ಲಿನ ಲೋಕಲ್ ಪೇಪರಿನಲ್ಲಿ ಒಂದು ಬೆಳಿಗ್ಗೆ ಜಾಹೀರಾತು ಬರುತ್ತೆ, ಇಂಥ ಮನೇಲಿ ಅಕ್ಟೋಬರ್ 29ನೇ ತಾರೀಕು ಶುಕ್ರವಾರ ಸಂಜೆ ಆರೂವರೆಗೆ ಒಂದು ಕೊಲೆ ನಡೆಯುತ್ತೆ, ಸ್ನೇಹಿತರೆಲ್ಲ ಬನ್ನಿ ಅಂತ. ಊರವರು ಅದೇನೋ ಪಾರ್ಟಿ ಆಟ ಇರ್ಬೇಕು ಅಂದ್ಕೊಂಡು ಒಬ್ಬೊಬ್ಬರೂ ಏನೋ ಒಂದು ನೆಪ ಹೇಳ್ಕೊಂಡು ಆ ಮನೆಗೆ ಬಂದೇ ಬರ್ತಾರೆ. ಇಷ್ಟು ಒಳ್ಳೆ ಶುರುವಾತು ಇಡೀ ಪ್ರಕಾರದಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಇದು ಮಹಾಯುದ್ಧ ಮುಗಿದ ಮೇಲಿನ ಇಂಗ್ಲೆಂಡು, ಇನ್ನೂ ರೇಷನ್ ಇದೆ (ಅಲ್ಲಿ ಆಹಾರದ ರೇಷನ್ ಪೂರ್ತಿ ಹೋಗಿದ್ದು 1954ರಲ್ಲಿ), ಹಳ್ಳಿಯವರು ಬೆಣ್ಣೆಗೆ ಮೊಟ್ಟೆ, ತರಕಾರಿಗೆ ಇನ್ನೇನೋ ಅಂತ ಕದ್ದುಮುಚ್ಚಿ ವಿನಿಮಯ ಮಾಡ್ಕೊಳ್ತಾ ಇರ್ತಾರೆ. ಗುರುತಿನ ಕಾರ್ಡ್ ಇದೆ, ಅದರಲ್ಲಿ ಫೋಟೋ ಇಲ್ಲ ಬೆರಳಚ್ಚಿಲ್ಲ. ಮುಂಚೆ ಆದ್ರೆ ಹಳ್ಳಿಗೆ ಹೊಸಬರು ಬಂದ್ರೆ ಯಾರ ಕಡೆಯವರು, ಯಾವ ರೆಜಿಮೆಂಟು, ಯಾರು ಪರಿಚಯ ಪತ್ರ ಕೊಟ್ಟಿದಾರೆ ಅಂತ ಎಲ್ಲಾ ಗೊತ್ತಾಗ್ತಿತ್ತು, ಈಗ ಇಂಡಿಯಾದಿಂದ ಹಾಂಗ್‌ಕಾಂಗಿಂದ ಚೀನಾದಿಂದ ವಾಪಸ್ ಬಂದವರು ಸಣ್ಣ ಮನೆ ತಗೊಂಡು ಕೂತಿದಾರೆ, ಅವರು ತಮ್ಮ ಬಗ್ಗೆ ಏನು ಹೇಳ್ಕೊಳ್ತಾರೋ ಅದನ್ನೇ ನಂಬ್ಬೇಕು ಅಂತ ಮಾರ್ಪಲ್ ಒಂದು ಕಡೆ ಹೇಳ್ತಾಳೆ. ಆ ಸಾಲು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 1947ರಲ್ಲಿ ನಮ್ಮ ದೇಶದಿಂದ ಗಂಟುಮೂಟೆ ಕಟ್ಟಿಕೊಂಡು ಹೋದ ಬ್ರಿಟಿಷರು ಎಲ್ಲಿಗೆ ಹೋದ್ರು ಅಂತ ನಾವು ಯೋಚನೇನೇ ಮಾಡಿರಲ್ಲ ಅಲ್ವಾ. ಇಂಥ ಹಳ್ಳಿಗಳಿಗೂ ಹೋಗಿ ಸೇರ್ಕೊಂಡ್ರು, ಈ ಕತೇಲಿ ಬರೋ ಕರ್ನಲ್ ಈಸ್ಟರ್‌ಬ್ರೂಕ್ ಕೂಡ ಇಂಡಿಯಾ ಪುರಾಣ ಹೇಳೋ ಆಸಾಮಿಯೇ. ಎಲ್ಲರಿಗೂ ಎಲ್ಲರೂ ಗೊತ್ತು ಅಂತ ನಂಬಿದ್ದ ಹಳ್ಳೀಲಿ ನಿಜವಾಗಿ ಯಾರಿಗೂ ಯಾರೂ ಗೊತ್ತಿಲ್ಲ ಅನ್ನೋ ಭಯ ಇದೆಯಲ್ಲ, ಇಡೀ ಒಗಟು ಅದರ ಮೇಲೇ ನಿಂತಿದೆ. ಸುಳಿವೆಲ್ಲ ಕಣ್ಣೆದುರೇ ಇರುತ್ತೆ, ಎರಡನೇ ಸಲ ಓದುವಾಗ ಕ್ರಿಸ್ಟಿ ಎಷ್ಟು ಧೈರ್ಯವಾಗಿ ಇಟ್ಟಿದಾರೆ ಅಂತ ಆಶ್ಚರ್ಯ ಆಗುತ್ತೆ. ಇಂಗ್ಲಿಷ್ ಸುಲಭ, ಬಹುಪಾಲು ಮಾತುಕತೆ.

ಒಂದು ಬೇಜಾರಿದೆ, ಮುಚ್ಚಿಡಲ್ಲ. ಆ ಮನೇಲಿ ಮಿಟ್ಸಿ ಅಂತ ಅಡುಗೆಯವಳಿದಾಳೆ, ಯುದ್ಧದಿಂದ ತಪ್ಪಿಸಿಕೊಂಡು ಯುರೋಪಿಂದ ಬಂದ ನಿರಾಶ್ರಿತೆ, ಅವಳ ಭಯವನ್ನ ಪುಸ್ತಕ ನಗೆಪಾಟಲು ಮಾಡುತ್ತೆ, ಸುಳ್ಳುಬುರುಕಿ ಅಂತ ತಳ್ಳಿಹಾಕುತ್ತೆ. ಕ್ರಿಸ್ಟಿಯ ಸುಮಾರು ಪುಸ್ತಕಗಳಲ್ಲಿ ಹೊರಗಿನವರ ಬಗ್ಗೆ, ಕೆಲಸದವರ ಬಗ್ಗೆ ಈ ಧೋರಣೆ ಇರುತ್ತೆ, ಅದು ತಪ್ಪು ಅಂತಾನೇ ಓದ್ಬೇಕು. ಅಕ್ಕನ ಮಗಳಿಗೂ ಮೊದಲೇ ಹೇಳಿ ಕೊಟ್ಟೆ.

ಮಾರ್ಪಲ್ ಪುಸ್ತಕಗಳಲ್ಲೇ ಇನ್ನೆರಡು ಹೇಳ್ಬೇಕು. 1942ರ 'ದಿ ಮೂವಿಂಗ್ ಫಿಂಗರ್'. ಲಿಮ್‌ಸ್ಟಾಕ್ ಅನ್ನೋ ಸಣ್ಣ ಊರಿಗೆ ವಿಮಾನ ಅಪಘಾತದಲ್ಲಿ ಗಾಯಗೊಂಡ ಒಬ್ಬ ಯುವಕ ತಂಗಿ ಜೊತೆ ಸುಧಾರಿಸ್ಕೊಳ್ಳೋಕೆ ಬರ್ತಾನೆ, ಬಂದ ಕೂಡಲೇ ಅವನಿಗೊಂದು ಕೊಳಕು ಅನಾಮಧೇಯ ಪತ್ರ, ಪುಸ್ತಕದ ಅಕ್ಷರ ಕತ್ತರಿಸಿ ಅಂಟಿಸಿದ್ದು, ಆಮೇಲೆ ನೋಡಿದ್ರೆ ಊರಿಗೆ ಊರೇ ಇಂಥ ಪತ್ರ ಪಡೀತಾ ಇದೆ. ಅನಾಮಧೇಯ ಮೆಸೇಜುಗಳ ಈ ಕಾಲದಲ್ಲಿ ಇದು ಬೇರೆ ಥರಾನೇ ಮನಸ್ಸಿಗೆ ಹತ್ತುತ್ತೆ. ಆದ್ರೆ ಮಾರ್ಪಲ್ ಬರೋದು ತುಂಬಾ ತಡ, ಆಕೆಗೋಸ್ಕರವೇ ತಗೊಂಡ್ರೆ ನಿರಾಸೆ. ಇನ್ನೊಂದು 1962ರ 'ದಿ ಮಿರರ್ ಕ್ರ್ಯಾಕ್ಡ್', ಅದರಲ್ಲಿ ಸೇಂಟ್ ಮೇರಿ ಮೀಡ್ ಪಕ್ಕದಲ್ಲೇ ಹೊಸ ಬಡಾವಣೆ ಎದ್ದಿರುತ್ತೆ, ಸೂಪರ್‌ಮಾರ್ಕೆಟ್ ಬಂದಿರುತ್ತೆ, ಮಾರ್ಪಲ್‌ಗೆ ಒಬ್ಬಳೇ ಓಡಾಡೋಕೆ ಬಿಡಲ್ಲ. ಒಂದೇ ಹಳ್ಳಿ ಮೂವತ್ತು ವರ್ಷದಲ್ಲಿ ಹೇಗೆ ಬದಲಾಯ್ತು ಅಂತ ನೋಡೋ ಆಸೆ ಇದ್ರೆ 1930ರದ್ದು, ಇದು, ಎರಡನ್ನೂ ಒಂದರ ಹಿಂದೆ ಒಂದು ಓದಿ.

ಕ್ರಿಸ್ಟಿ ವಿಷಯದಲ್ಲಿ ಕೊನೇದಾಗಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್', 1926. ಇದರಲ್ಲಿ ಇರೋದು ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪ್ವಾರೋ, ರಿಟೈರ್ ಆಗಿ ಕಿಂಗ್ಸ್ ಆಬಟ್ ಅನ್ನೋ ಹಳ್ಳಿಗೆ ಬಂದು ಹಿತ್ತಲಲ್ಲಿ ತರಕಾರಿ ಬೆಳೀತಿರ್ತಾನೆ. ಕತೆ ಹೇಳೋ ಡಾಕ್ಟರಿಗೆ ಕ್ಯಾರೊಲಿನ್ ಅಂತ ಅಕ್ಕ ಇದಾಳೆ, ಮನೆ ಬಿಟ್ಟು ಕದಲಲ್ಲ, ಆದ್ರೆ ಹಾಲಿನವನು ಕೆಲಸದವರು ಅಂತ ಅವಳದ್ದೇ ಒಂದು ಜಾಲ, ಊರಿನ ಸುದ್ದಿ ತಮ್ಮ ಹೊರಗಡೆ ಸುತ್ತಿ ಬರೋದ್ರೊಳಗೆ ಇವಳಿಗೆ ತಲುಪಿರುತ್ತೆ. ಈ ಕ್ಯಾರೊಲಿನ್ ಪಾತ್ರ ಬರೆಯೋದ್ರಲ್ಲಿ ಸಿಕ್ಕ ಖುಷಿಯಿಂದಲೇ ಮಿಸ್ ಮಾರ್ಪಲ್ ಹುಟ್ಟಿರಬಹುದು ಅಂತ ಕ್ರಿಸ್ಟಿಯೇ ಆತ್ಮಕತೇಲಿ ಬರೆದಿದಾರೆ. 2013ರಲ್ಲಿ ಬ್ರಿಟನ್ನಿನ ಅಪರಾಧ ಕತೆಗಾರರ ಸಂಘದವರು ಇದನ್ನೇ ಸಾರ್ವಕಾಲಿಕ ಶ್ರೇಷ್ಠ ಅಪರಾಧ ಕಾದಂಬರಿ ಅಂತ ಮತ ಹಾಕಿ ಆರಿಸಿದ್ರು. ಇದನ್ನ ಓದೋಕೆ ಒಂದೇ ಷರತ್ತು, ಪುಸ್ತಕದ ಬಗ್ಗೆ ಎಲ್ಲೂ ಏನೂ ಹುಡುಕಬೇಡಿ, ಯಾರನ್ನೂ ಕೇಳಬೇಡಿ, ಸೀದಾ ಓದಿ. ಯಾರಾದ್ರೂ ಕೊನೆ ಹೇಳ್ಬಿಟ್ರೆ ಅದು ಮತ್ತೆ ವಾಪಸ್ ಸಿಗದ ನಷ್ಟ.

ಈಗ ಡೊರೊತಿ ಸೇಯರ್ಸ್ ಅವರ 'ದಿ ನೈನ್ ಟೇಲರ್ಸ್', 1934. ನನ್ನ ಪ್ರಕಾರ ಊರು ಅನ್ನೋ ಅಳತೇಲಿ ಇದನ್ನ ಮೀರಿಸೋ ಪುಸ್ತಕ ಇಲ್ಲ, ಸುಲಭ ಅನ್ನೋ ಅಳತೇಲಿ ಕೊನೇ ಸ್ಥಾನ. ಇಂಗ್ಲೆಂಡಿನ ಪೂರ್ವಕ್ಕೆ ಫೆನ್ಸ್ ಅಂತ ಪ್ರದೇಶ ಇದೆ, ಜೌಗು ನೆಲದ ನೀರು ಹರಿಸಿ ಗದ್ದೆ ಮಾಡಿರೋ ಚಪ್ಪಟೆ ಬಯಲು, ಕಾಲುವೆ ತೂಬು ಸರಿ ನೋಡ್ಕೊಳ್ಳದಿದ್ರೆ ನೀರು ವಾಪಸ್ ಬರುತ್ತೆ. ಸೇಯರ್ಸ್ ಅವರ ತಂದೆ ಆ ಕಡೆಯ ಪಾದ್ರಿ ಆಗಿದ್ರು, ಹಾಗಾಗಿ ಆ ಮಣ್ಣು ಅವರಿಗೆ ಗೊತ್ತು. ಹೊಸ ವರ್ಷದ ಹಿಂದಿನ ರಾತ್ರಿ, ಹಿಮ ಬೀಳ್ತಿದೆ, ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿಯ ಕಾರು ಹಳ್ಳಕ್ಕೆ ಬೀಳುತ್ತೆ, ಹತ್ತಿರದ ಹಳ್ಳಿಗೆ ನಡ್ಕೊಂಡು ಬಂದ್ರೆ ಅಲ್ಲಿ ಚರ್ಚಿನ ಎಂಟು ಗಂಟೆ ಬಾರಿಸೋರಲ್ಲಿ ಒಬ್ಬನಿಗೆ ಜ್ವರ, ಇವನು ಅವನ ಬದಲು ನಿಂತು ಒಂಬತ್ತು ಗಂಟೆ ಕಾಲ ರಾತ್ರಿಯೆಲ್ಲ ಗಂಟೆ ಬಾರಿಸ್ತಾನೆ. ಆಮೇಲೆ ಈಸ್ಟರ್ ಹೊತ್ತಿಗೆ ಊರಿನ ದೊಡ್ಡ ಮನೆಯವರ ಸಮಾಧಿ ತೆಗೆದಾಗ ಅದರಲ್ಲಿ ಯಾರದೋ ಗುರುತಿಲ್ಲದ ಇನ್ನೊಂದು ಹೆಣ.

ಪುಸ್ತಕದ ಹೆಸರಿನ ಅರ್ಥ ಗೊತ್ತಾದಾಗ ನನಗೆ ಮೈ ಜುಂ ಅಂತು. ಟೇಲರ್ ಅಂದ್ರೆ ಇಲ್ಲಿ ದರ್ಜಿ ಅಲ್ಲ, ಸಾವಿನ ಗಂಟೆಯ ಏಟು. ಊರಲ್ಲಿ ಗಂಡಸು ಸತ್ರೆ ಒಂಬತ್ತು ಸಲ, ಹೆಂಗಸಾದ್ರೆ ಆರು ಸಲ ಬಾರಿಸಿ, ಆಮೇಲೆ ಸತ್ತವರ ವಯಸ್ಸು ಎಷ್ಟೋ ಅಷ್ಟು ಏಟು. ಹೊಲದಲ್ಲಿ ಕೆಲಸ ಮಾಡ್ತಿರೋರು ಎಣಿಸ್ತಾರೆ, ಯಾರು ಹೋದ್ರು ಅಂತ ಎಣಿಕೆಯಿಂದಲೇ ಗೊತ್ತಾಗುತ್ತೆ. ಎಂಟೂ ಗಂಟೆಗಳಿಗೆ ಹೆಸರಿದೆ, ಇತಿಹಾಸ ಇದೆ, ಬ್ಯಾಟಿ ಥಾಮಸ್, ಟೇಲರ್ ಪಾಲ್ ಅಂತ. ಈ ಕತೇನ ಬೇರೆ ಎಲ್ಲಿಗೂ ಎತ್ತಿಡೋಕೆ ಸಾಧ್ಯಾನೇ ಇಲ್ಲ.

ಆದ್ರೆ ಅಧ್ಯಾಯದ ಹೆಸರಿಂದ ಹಿಡಿದು ಒಗಟಿನವರೆಗೆ ಗಂಟೆ ಬಾರಿಸೋ ಶಾಸ್ತ್ರದ ಪದಗಳು ತುಂಬಿವೆ, ಹಳ್ಳಿಯವರ ಮಾತು ಗ್ರಾಮ್ಯ ಇಂಗ್ಲಿಷಲ್ಲಿದೆ, ಮೊದಲ ಐವತ್ತು ಪುಟ ನಿಜವಾಗ್ಲೂ ತಾಳ್ಮೆ ಕೇಳುತ್ತೆ. ಗಂಟೆಯ ಲೆಕ್ಕಾಚಾರ ಅರ್ಥ ಆಗ್ಲಿಲ್ಲ ಅಂದ್ರೆ ಬಿಟ್ಟು ಮುಂದೆ ಹೋಗಿ, ನಾನೂ ಹಾಗೇ ಮಾಡಿದ್ದು, ಕತೆಗೆ ಏನೂ ಮೋಸ ಆಗಲ್ಲ. ದುಡ್ಡಿನ ದೃಷ್ಟಿಯಿಂದ ಇದರಷ್ಟು ಒಳ್ಳೆ ಆಯ್ಕೆ ಇಲ್ಲ, ಯಾಕಂದ್ರೆ ನಮ್ಮ ದೇಶದ ಕಾನೂನಲ್ಲಿ ಲೇಖಕರು ತೀರಿಹೋಗಿ 60 ವರ್ಷ ಆದ್ಮೇಲೆ ಹಕ್ಕು ಮುಗಿಯುತ್ತೆ, ಸೇಯರ್ಸ್ ತೀರಿಹೋಗಿದ್ದು 1957ರಲ್ಲಿ, ಅಂದ್ರೆ 2018ರಿಂದ ಭಾರತದಲ್ಲಿ ಅವರ ಬರಹ ಎಲ್ಲರದ್ದು, ಇಳಿಸ್ಕೊಂಡು ಓದೋದ್ರಲ್ಲಿ ತಪ್ಪಿಲ್ಲ. ಕ್ರಿಸ್ಟಿ 1976ರವರೆಗೆ ಬದುಕಿದ್ದರಿಂದ ಅವರದ್ದಕ್ಕೆ 2036 ಮುಗಿಯೋವರೆಗೂ ದುಡ್ಡು ಕೊಡಲೇಬೇಕು. ಬೆಂಗಳೂರಲ್ಲಿದ್ರೆ ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕ್ರಿಸ್ಟಿ ರಾಶಿ ರಾಶಿ ಸಿಗುತ್ತೆ, ಹಾಗಾಗಿ ಅದೇನು ದೊಡ್ಡ ಖರ್ಚಲ್ಲ ಬಿಡಿ.

'ದಿ ನೈನ್ ಟೇಲರ್ಸ್'ಗೆ ಪೂರ್ತಿ ಎದುರು ದಿಕ್ಕಲ್ಲಿ ಇರೋದು ರೂತ್ ರೆಂಡೆಲ್ ಅವರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್', 1977. ಇದರಲ್ಲಿ ಪತ್ತೆ ಮಾಡೋದೇ ಏನಿಲ್ಲ, ಮೊದಲನೇ ವಾಕ್ಯದಲ್ಲೇ ಯಾರು ಯಾರನ್ನ ಕೊಂದ್ರು, ಯಾಕೆ ಕೊಂದ್ರು ಎರಡೂ ಹೇಳಿಬಿಡ್ತಾರೆ. ಯೂನಿಸ್ ಅನ್ನೋ ಮನೆಗೆಲಸದವಳು ತಾನು ಕೆಲಸಕ್ಕಿದ್ದ ಇಡೀ ಕುಟುಂಬನ ಕೊಲ್ತಾಳೆ, ಕಾರಣ ಅವಳಿಗೆ ಓದೋಕೆ ಬರೆಯೋಕೆ ಬರ್ತಿರ್ಲಿಲ್ಲ. ಇಷ್ಟು ಗೊತ್ತಿದ್ದೂ ಕೊನೇ ಪುಟದವರೆಗೆ ಉಸಿರು ಬಿಗಿ ಹಿಡಿದು ಓದ್ತೀರ. ಆ ಮನೆಯವರು ಕೆಟ್ಟವರಲ್ಲ, ಪುಸ್ತಕ ಪ್ರೇಮಿಗಳು, ಮೇಜಿನ ಮೇಲೆ ಅವಳಿಗೆ ಚೀಟಿ ಬರೆದಿಟ್ಟು ಹೋಗೋ ಜನ, ಆ ಒಂದೊಂದು ಚೀಟಿಯೂ ಅವಳಿಗೆ ಬೆಂಕಿ.

ಒಂದು ಸಲ ಬ್ಯಾಂಕಿನ ಸಾಲಲ್ಲಿ ನನ್ನ ಹಿಂದೆ ನಿಂತಿದ್ದ ಅಮ್ಮ ಒಬ್ರು ಚಲನ್ ನನ್ನ ಕೈಗೆ ಕೊಟ್ಟು "ಕನ್ನಡಕ ಮರೆತು ಬಂದ್ಬಿಟ್ಟೆ ಕಣಮ್ಮ, ತುಂಬಿಸ್ಕೊಡು" ಅಂದ್ರು, ಬರೆದುಕೊಟ್ಟೆ, ಸಹಿ ಮಾಡಿ ಅಂದಾಗ ಅವರು ಇಂಕ್ ಪ್ಯಾಡ್ ಹುಡುಕಿದ್ರು. ಈ ಪುಸ್ತಕ ಓದುವಾಗೆಲ್ಲ ಅವರ ಆ ಮುಖ ಬರ್ತಿತ್ತು. ಓದೋಕೆ ಬರಲ್ಲ ಅನ್ನೋದನ್ನ ಬಚ್ಚಿಡೋಕೆ ಒಬ್ಬ ಮನುಷ್ಯ ಎಷ್ಟು ಕಷ್ಟಪಡ್ತಾನೆ ಅನ್ನೋದು ಇಂಗ್ಲೆಂಡಿನ ಓದುಗರಿಗಿಂತ ನಮಗೆ ಬೇಗ ಅರ್ಥ ಆಗುತ್ತೆ. ಆದ್ರೆ ಒಂದು ಮಾತು, ರೆಂಡೆಲ್ ಯೂನಿಸ್ ಮೇಲೆ ಕರುಣೆ ತೋರ್ಸಲ್ಲ, ಅಕ್ಷರ ಬಾರದವಳಿಗೆ ಮನಸ್ಸೂ ಇರಲ್ಲ ಅನ್ನೋ ಹಾಗೆ ಕೆಲವು ಕಡೆ ಬರೀತಾರೆ, ಅದನ್ನ ನಾನು ಒಪ್ಪಲ್ಲ, ಎಷ್ಟೋ ಜನ ಅಕ್ಷರ ಬಾರದ ಹೆಂಗಸರು ನಮ್ಮನ್ನೆಲ್ಲ ಸಾಕಿದಾರೆ. ಒಪ್ಪದೇ ಇದ್ರೂ ಮರೆಯೋಕಾಗದ ಪುಸ್ತಕ. ಸಣ್ಣದು, ವಾಕ್ಯಗಳು ಚುರುಕು ಮತ್ತು ಸ್ಪಷ್ಟ. ಸಮಾಧಾನ ಬೇಕು ಅಂತ ಓದೋರು ಮಾತ್ರ ಇದರ ಹತ್ರ ಬರಬೇಡಿ, ರಾತ್ರಿ ಹೊತ್ತು ಅಂತೂ ಬೇಡವೇ ಬೇಡ.

ಟೀವಿ ಕಡೆ ಬಂದ್ರೆ ಎಲ್ಲರ ಬಾಯಲ್ಲೂ 'ಮಿಡ್‌ಸೋಮರ್ ಮರ್ಡರ್ಸ್'. 1997ರಿಂದ ನಡೀತಾ ಇದೆ, ಮೊದಲು ಜಾನ್ ನೆಟಲ್ಸ್ ಪೊಲೀಸ್ ಪತ್ತೇದಾರ ಟಾಮ್ ಬಾರ್ನಬಿ ಆಗಿದ್ರು, 2011ರಿಂದ ನೀಲ್ ಡಜನ್ ಅನ್ನೋ ನಟ ಅವನ ಕಸಿನ್ ಜಾನ್ ಬಾರ್ನಬಿ. ಒಂದೊಂದು ಎಪಿಸೋಡು ಸುಮಾರು ಒಂದೂವರೆ ಗಂಟೆ, ಅಂದ್ರೆ ಒಂದು ಸಿನಿಮಾ ನೋಡಿದ ಹಾಗೆ, ಅದರಲ್ಲಿ ಮೂರು ನಾಲ್ಕು ಹೆಣ ಬಿದ್ದೇ ಬೀಳುತ್ತೆ. ಹೂವಿನ ಸ್ಪರ್ಧೆ, ಕ್ರಿಕೆಟ್ ಮ್ಯಾಚು, ಚರ್ಚಿನ ಹಾಡುಗಾರರ ಗುಂಪು ಅಂತ ಒಂದೊಂದು ಸಲ ಒಂದೊಂದು ಹಳ್ಳಿ ಚಟುವಟಿಕೆ ಹಿಡ್ಕೊಂಡು ಅದರ ಸುತ್ತ ದ್ವೇಷ ಕಟ್ತಾರೆ. ಒಂದು ಎಪಿಸೋಡಲ್ಲಿ ದೊಡ್ಡ ಚೀಸ್ ಚಕ್ರದ ಕೆಳಗೆ ಸಿಕ್ಕಿ ಒಬ್ಬಾಕೆ ಸಾಯ್ತಾಳೆ, ಅಂಥ ವಿಚಿತ್ರ ಕೊಲೆಗಳೇ ಇದರ ವಿಶೇಷ. ಹಸಿರು ಊರುಗಳು ನೋಡೋಕೆ ಚೆಂದ, ಬಹಳಷ್ಟು ಬಕಿಂಗ್‌ಹ್ಯಾಮ್‌ಶೈರ್ ಆಕ್ಸ್‌ಫರ್ಡ್‌ಶೈರ್ ಕಡೆ ಶೂಟ್ ಮಾಡಿದ್ದು. ಆದ್ರೆ ಸುಳಿವಿನ ವಿಷಯದಲ್ಲಿ ನ್ಯಾಯ ಕಮ್ಮಿ, ಹಳೇ ಗುಟ್ಟು ಕೊನೇಲಿ ಧುತ್ ಅಂತ ಬರುತ್ತೆ. ಮಗು ಪಕ್ಕದಲ್ಲಿದ್ರೆ ಬೇಡ, ನಗುನಗ್ತಾ ಇದ್ರೂ ಕೊಲೆ ದೃಶ್ಯ ಮತ್ತೆ ಗಂಡು ಹೆಣ್ಣಿನ ಗುಟ್ಟುಗಳು ಬಹಳ.

ಇದರ ಮೂಲ ಕ್ಯಾರೊಲಿನ್ ಗ್ರಹಾಂ ಬರೆದ ಏಳು ಕಾದಂಬರಿಗಳು, ಮೊದಲನೇದು 1987ರ 'ದಿ ಕಿಲ್ಲಿಂಗ್ಸ್ ಅಟ್ ಬ್ಯಾಜರ್ಸ್ ಡ್ರಿಫ್ಟ್'. ಕಾಡಲ್ಲಿ ಅಪರೂಪದ ಆರ್ಕಿಡ್ ಹೂ ಹುಡುಕ್ತಾ ಹೋದ ರಿಟೈರ್ಡ್ ಟೀಚರ್ ಒಬ್ಬಳು ನೋಡಬಾರದ್ದೇನೋ ನೋಡ್ತಾಳೆ, ಆಮೇಲೆ ಅವಳು ಮನೇಲಿ ಸತ್ತಿರ್ತಾಳೆ, ವಯಸ್ಸಾಗಿತ್ತು ಅಂತ ಡಾಕ್ಟರ್ ಬರೆದುಕೊಟ್ರೂ ಅವಳ ಗೆಳತಿ ಮುದುಕಿ ಒಪ್ಪದೇ ಪೊಲೀಸ್ ಸ್ಟೇಷನ್ನಿಗೆ ಬಂದು ಕೂರ್ತಾಳೆ. ಟೀವಿಗಿಂತ ಪುಸ್ತಕ ಬಹಳ ಗಟ್ಟಿ, ಬಹಳ ಕಹಿ ಕೂಡ. ಟೀವೀಲಿ ಮುದ್ದಾಗಿ ಕಾಣೋ, ಬಾರ್ನಬಿಯ ಸಹಾಯಕ ಸಾರ್ಜೆಂಟ್ ಟ್ರಾಯ್ ಪುಸ್ತಕದಲ್ಲಿ ಸಣ್ಣ ಮನಸ್ಸಿನ, ಪೂರ್ವಗ್ರಹ ತುಂಬಿರೋ ಮನುಷ್ಯ. ಟೀವಿ ನೋಡಿ ಇಷ್ಟಪಟ್ಟವರು ಅದೇ ರುಚಿ ಅಂದ್ಕೊಂಡು ಪುಸ್ತಕ ತಗೊಂಡ್ರೆ ಗಾಬರಿ ಆಗ್ತಾರೆ. ವಯಸ್ಕರಿಗೆ ಮಾತ್ರ.

ಮಗು ಇರೋ ಮನೆಗೆ ನಾನು ಹೇಳೋದು ಬಿಬಿಸಿಯ 'ಫಾದರ್ ಬ್ರೌನ್', 2013ರಲ್ಲಿ ಶುರುವಾಗಿದ್ದು. 1950ರ ದಶಕದ ಕೆಂಬಲ್‌ಫರ್ಡ್ ಅನ್ನೋ ಹಳ್ಳಿ, ಸೈಕಲ್ ತುಳಿಯೋ ಪಾದ್ರಿ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ, ರಕ್ತ ಕಮ್ಮಿ, ಕೊಲೆಗಾರನಿಗೂ ಪಶ್ಚಾತ್ತಾಪ ಬರಲಿ ಅಂತ ಬಯಸೋ ಪತ್ತೇದಾರ. ಒಗಟು ಹಗುರ, ಅದು ಒಪ್ಪಿಗೆ ಇದ್ರೆ ಸಾಕು. ಇದನ್ನ ನೋಡಿ ಚೆಸ್ಟರ್ಟನ್ ಅವರ ಮೂಲ ಕತೆ ಓದೋಕೆ ಹೋದ್ರೆ ಅಲ್ಲಿ ಈ ಹಳ್ಳಿಯೇ ಇಲ್ಲ, ಅದು ಟೀವಿಗೋಸ್ಕರ ಕಟ್ಟಿದ್ದು.

ಸ್ವಲ್ಪ ಗಂಭೀರವಾಗಿ ಬೇಕು ಅನ್ನೋರಿಗೆ ಬಿಬಿಸಿಯ ಹಳೇ ಮಿಸ್ ಮಾರ್ಪಲ್, 1984ರಿಂದ 1992ರವರೆಗೆ ಜೋನ್ ಹಿಕ್ಸನ್ 12 ಕಾದಂಬರಿಗಳಲ್ಲೂ ನಟಿಸಿದಾರೆ. ಹ್ಯಾಂಪ್‌ಶೈರಿನ ನೆದರ್ ವಾಲಪ್ ಅನ್ನೋ ನಿಜವಾದ ಹಳ್ಳಿಯೇ ಅಲ್ಲಿ ಸೇಂಟ್ ಮೇರಿ ಮೀಡ್. ನಿಧಾನ, ಬಣ್ಣ ಮಾಸಿದ ಹಾಗಿದೆ, ಆದ್ರೆ ಆ ನೀಲಿ ಕಣ್ಣಿನ ಮುದುಕಿ ಸುಮ್ಮನೆ ಹೆಣಿಗೆ ಹಾಕ್ತಾ ಎಲ್ಲರ ಮಾತು ಕೇಳಿಸ್ಕೊಳ್ಳೋದು ನೋಡಿದ್ರೆ ಬೇರೆ ಯಾರೂ ಆ ಪಾತ್ರಕ್ಕೆ ಹೊಂದಲ್ಲ ಅನ್ಸುತ್ತೆ. 2004ರಿಂದ ಐಟಿವಿ ಅನ್ನೋ ಇನ್ನೊಂದು ಬ್ರಿಟಿಷ್ ಚಾನೆಲ್ ಮಾಡಿದ್ದು ಬಣ್ಣಬಣ್ಣವಾಗಿದೆ, ಆದ್ರೆ ಮಾರ್ಪಲ್ ಇಲ್ಲದ ಕತೆಗಳಿಗೂ ಅವಳನ್ನ ಸೇರಿಸಿದಾರೆ, 'ದಿ ಬಾಡಿ ಇನ್ ದಿ ಲೈಬ್ರರಿ'ಯಲ್ಲಿ ಕೊಲೆಗಾರರನ್ನೇ ಬದಲಾಯಿಸಿದಾರೆ. ಪುಸ್ತಕ ಓದಿ ಆಮೇಲೆ ನೋಡೋರಿಗೆ ಇದು ನೋವಾಗುತ್ತೆ. ಯಾವುದು ಯಾವ ಓಟಿಟಿಯಲ್ಲಿ ಇದೆ ಅನ್ನೋದು ತಿಂಗಳಿಗೊಂದು ಸಲ ಬದಲಾಗುತ್ತೆ, ಹಾಗಾಗಿ ಒಂದೇ ಸೀರೀಸಿಗೋಸ್ಕರ ವರ್ಷದ ಚಂದಾ ಕಟ್ಟಬೇಡಿ.

ಹೊಸ ಪುಸ್ತಕಗಳಲ್ಲಿ ರಿಚರ್ಡ್ ಆಸ್ಮನ್ ಅವರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' (2020) ದೊಡ್ಡಪ್ಪನಿಗೆ ಹೇಳಿ ಮಾಡಿಸಿದ ಹಾಗಿದೆ. ಕೆಂಟ್ ಕಡೆ ಕೂಪರ್ಸ್ ಚೇಸ್ ಅಂತ ವೃದ್ಧರ ವಸತಿ ಊರು, ಹಳೇ ಕ್ರೈಸ್ತ ಸನ್ಯಾಸಿನಿಯರ ಮಠದ ಜಾಗದಲ್ಲಿ ಕಟ್ಟಿರೋದು, ಅಲ್ಲಿ ನಾಲ್ಕು ಜನ ಎಪ್ಪತ್ತು ದಾಟಿದವರು ಗುರುವಾರ ಗುರುವಾರ ಕೂತು ಹಳೇ ಕೊಲೆ ಕೇಸು ಬಿಡಿಸ್ತಾರೆ, ಅಷ್ಟರಲ್ಲಿ ನಿಜವಾದ ಕೊಲೆ. ಇದು ಹುಟ್ಟಿ ಬೆಳೆದ ಊರಲ್ಲ, ದುಡ್ಡು ಕೊಟ್ಟು ಸೇರಿದ ಊರು, ಅದರಿಂದ ನನ್ನ ಮೊದಲನೇ ಅಳತೇಲಿ ಸ್ವಲ್ಪ ಹಿಂದೆ. ಒಗಟೂ ಸಡಿಲ, ಎಳೆ ಜಾಸ್ತಿ. ಆದ್ರೆ ವಯಸ್ಸಾಗೋದು, ಗಂಡನ ನೆನಪಿನ ಶಕ್ತಿ ದಿನದಿನ ಕರಗೋದನ್ನ ಹೆಂಡತಿ ನೋಡ್ತಾ ಇರೋದು, ಇದನ್ನೆಲ್ಲ ಎಷ್ಟು ಅಂತಃಕರಣದಿಂದ ಬರೆದಿದಾರೆ ಅಂದ್ರೆ ಕೊಲೆ ಮರೆತುಹೋಗುತ್ತೆ. ಅಧ್ಯಾಯಗಳು ಎರಡು ಮೂರು ಪುಟ ಅಷ್ಟೆ, ಫೋನಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡು ಓದಬಹುದು, ಕೈ ನೋವಿಲ್ಲ. 2025ರಲ್ಲಿ ನೆಟ್‌ಫ್ಲಿಕ್ಸಲ್ಲಿ ಸಿನಿಮಾನೂ ಬಂತು, ಹೆಲೆನ್ ಮಿರನ್, ಬೆನ್ ಕಿಂಗ್ಸ್ಲಿ ಎಲ್ಲ ಇದಾರೆ, ಪುಸ್ತಕ ಮೊದಲು ಓದಿ ಅಂತ ನನ್ನ ಸಲಹೆ.

ಆಂಟನಿ ಹೊರೊವಿಟ್ಜ್ ಅವರ 'ಮ್ಯಾಗ್‌ಪೈ ಮರ್ಡರ್ಸ್' (2016) ಬಗ್ಗೆ ಕಮ್ಮಿ ಹೇಳ್ತೀನಿ, ಜಾಸ್ತಿ ಹೇಳಿದ್ರೆ ಕೆಡುತ್ತೆ. ಪುಸ್ತಕದೊಳಗೊಂದು ಪುಸ್ತಕ, ಒಳಗಿನದ್ದು 1955ರ ಸ್ಯಾಕ್ಸ್‌ಬಿ ಆನ್ ಏವನ್ ಅನ್ನೋ ಹಳ್ಳಿ, ಕೊನೇ ಅಧ್ಯಾಯ ಕಾಣೆ. ಇದು ಕ್ರಿಸ್ಟಿಗೆ ಬರೆದ ಪ್ರೇಮ ಪತ್ರ, ಕ್ರಿಸ್ಟಿಯ ಮೂರು ನಾಲ್ಕು ಓದಿರದೇ ಇದ್ರೆ ಅರ್ಧ ಖುಷಿ ತಪ್ಪುತ್ತೆ, ಮತ್ತೆ ದಪ್ಪ ಇದೆ. ಎಂ. ಸಿ. ಬೀಟನ್ ಅವರ ಅಗಾಥಾ ರೈಸಿನ್ ಸರಣಿ (1992ರ 'ಕೀಶ್ ಆಫ್ ಡೆತ್'ನಿಂದ ಶುರು) ಎಲ್ಲಕ್ಕಿಂತ ಸುಲಭ ಇಂಗ್ಲಿಷು, ಲಂಡನ್ ಬಿಟ್ಟು ಕಾಟ್ಸ್‌ವೋಲ್ಡ್ಸ್ ಹಳ್ಳಿಗೆ ಬಂದ ಹೆಂಗಸು ಅಂಗಡಿಯಿಂದ ಕೊಂಡ ಕೀಶನ್ನ (ಮೊಟ್ಟೆ, ಕ್ರೀಮ್ ಹಾಕಿ ಬೇಯಿಸೋ ಖಾರದ ಪೈ) ತಾನೇ ಮಾಡಿದ್ದು ಅಂತ ಸ್ಪರ್ಧೆಗೆ ಇಡ್ತಾಳೆ, ತಿಂದ ತೀರ್ಪುಗಾರ ಸಾಯ್ತಾನೆ. ಒಂದು ರೈಲು ಪ್ರಯಾಣಕ್ಕೆ ಸರಿ, ಒಂದಾದ ಮೇಲೆ ಒಂದು ಓದಿದ್ರೆ ಎಲ್ಲಾ ಒಂದೇ ಥರ.

ಹಾಗಾದ್ರೆ ಮೂವರಿಗೆ ಏನು ಕೊಟ್ಟೆ. ಗೆಳತಿಗೆ ಫಾದರ್ ಬ್ರೌನ್, ಮಗು ಮಲಗಿದ ಮೇಲೆ ಹಿಕ್ಸನ್ ಅವರ ಮಾರ್ಪಲ್. ದೊಡ್ಡಪ್ಪನಿಗೆ ಆಸ್ಮನ್, ಅದು ಮುಗಿದು ಇನ್ನೂ ಉತ್ಸಾಹ ಇದ್ರೆ ಸೇಯರ್ಸ್, ಅವರಿಗೆ ಟೈಮೂ ಇದೆ ತಾಳ್ಮೆಯೂ ಇದೆ, ಹಬ್ಬದ ದಿನ ಊರ ದೇವಸ್ಥಾನದಲ್ಲಿ ಗಂಟೆ ಹೊಡೆಯೋಕೆ ನಿಲ್ತಿದ್ದವರು ಅವರು. ಅಕ್ಕನ ಮಗಳಿಗೆ 'ಎ ಮರ್ಡರ್ ಈಸ್ ಅನೌನ್ಸ್ಡ್', ಶುರುವಲ್ಲಿ ಜಾಹೀರಾತು ನೋಡೋ ಮನೆಗಳು ಒಂದರ ಹಿಂದೆ ಒಂದು ಬರ್ತವೆ ಆಗ ಹೆಸರು ಕಲಸಿಹೋಗುತ್ತೆ, ಹಾಗಾಗಿ ಒಂದು ಹಾಳೇಲಿ ಯಾವ ಮನೇಲಿ ಯಾರು ಅಂತ ಕನ್ನಡದಲ್ಲಿ ಬರ್ಕೊಂಡು ಪುಸ್ತಕದೊಳಗೆ ಇಟ್ಕೋ ಅಂದೆ. ನಿಮಗೂ ಅದೇ ಹೇಳ್ತೀನಿ, ಈ ಒಂದು ಹಾಳೆ ಇದ್ರೆ ಡಿಕ್ಷನರಿಗಿಂತ ಜಾಸ್ತಿ ಉಪಯೋಗ.

ಕೊಳ್ಳುವಾಗ ಎರಡು ಎಚ್ಚರ. ಅಮೆರಿಕದ ಮುದ್ರಣಗಳಿಗೆ ಕೆಲವು ಸಲ ಬೇರೆ ಹೆಸರು ಇರುತ್ತೆ, ಮಾರ್ಪಲ್‌ನ '4.50 ಫ್ರಮ್ ಪ್ಯಾಡಿಂಗ್ಟನ್' ಅಲ್ಲಿ 'ವಾಟ್ ಮಿಸೆಸ್ ಮೆಗಿಲಿಕಡಿ ಸಾ!', 'ದಿ ಥರ್ಟೀನ್ ಪ್ರಾಬ್ಲಮ್ಸ್' ಅಲ್ಲಿ 'ದಿ ಟ್ಯೂಸ್‌ಡೇ ಕ್ಲಬ್ ಮರ್ಡರ್ಸ್', ಗೊತ್ತಿಲ್ಲದೇ ಒಂದೇ ಪುಸ್ತಕ ಎರಡು ಸಲ ತಗೋಬೇಡಿ. ಇನ್ನೊಂದು, ಸೆಕೆಂಡ್ ಹ್ಯಾಂಡ್ ಪುಸ್ತಕ ಯಾರಿಗಾದ್ರೂ ಉಡುಗೊರೆ ಕೊಡೋ ಮುಂಚೆ ಪುಟ ತಿರುವಿ ನೋಡಿ. ನಾನು ಅಕ್ಕನ ಮಗಳಿಗೆ ತಂದ ಪ್ರತಿಯಲ್ಲಿ ಮೂವತ್ತನೇ ಪುಟದ ಹತ್ತಿರ ಹಿಂದೆ ಓದಿದವರು ಯಾರೋ ಒಂದು ಹೆಸರಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ "ಇವರೇ" ಅಂತ ಬರೆದಿದ್ರು. ರಬ್ಬರ್ ತಗೊಂಡು ನಿಧಾನಕ್ಕೆ ಅಳಿಸಿ, ಗುರುತು ಕಾಣ್ತಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ ಆಮೇಲೆ ಕೊಟ್ಟೆ.